ಹೊಕ್ಕುಳಬಳ್ಳಿಯಲ್ಲಿ ಒಂದೇ ಅಪಧಮನಿ ಅಂತೆ, ಯಾರಿಗಾದರೂ ಹೀಗಾಗಿತ್ತಾ?

ಧಾರವಾಡದಿಂದ: ನನಗೀಗ 20 ವಾರ. ಮೊನ್ನೆ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಗಳೆಲ್ಲ ಸರಿ ಇವೆಯಾ ಅಂತ ನೋಡುವುದು) ಆಯಿತು. ರಿಪೋರ್ಟಿನಲ್ಲಿ ‘ಸಿಂಗಲ್ ಅಂಬಿಲಿಕಲ್ ಆರ್ಟರಿ’ ಅಂತ ಬರೆದಿದ್ದಾರೆ. ಸ್ಕ್ಯಾನ್ ಮಾಡಿದವರು ನಿಮ್ಮ ಡಾಕ್ಟರಿಗೆ ತೋರಿಸಿ ಅಂದರು, ಅಷ್ಟೇ. ಡಾಕ್ಟರು ಸಿಗುವುದು ಸೋಮವಾರ. ಗ್ರಹಣದ ದಿನ ಕಾಯಿಪಲ್ಲೆ ಹೆಚ್ಚಿದ್ದಕ್ಕೇ ಹೀಗಾಗಿದೆ ಅಂತ ಅತ್ತೆ. ಕುಬಸ ಮಾಡಬೇಕೋ ಬೇಡವೋ ಅಂತ ಅವ್ವ. ಮಗುವಿಗೆ ಏನಾದರೂ ಊನ ಇರುತ್ತದಾ? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿ ವಿದ್ಯಾನಗರದಿಂದ: ಮೊದಲು ಊಟ ಮಾಡು ತಂಗಿ. ನನ್ನ ಎರಡನೇ ಮಗನಿಗೂ ಇದೇ ಇತ್ತು. ಈಗ ಶಾಲೆಗೆ ಹೋಗುತ್ತಾನೆ, ರಜೆ ಬಂದರೆ ಮನೆ ತಲೆ ಮೇಲೆ ಹೊತ್ತುಕೊಂಡು ಕುಣಿಯುತ್ತಾನೆ.

ಬಳ್ಳಿಯಲ್ಲಿ ಮೂರು ರಕ್ತನಾಳ ಇರಬೇಕು. ಎರಡು ಅಪಧಮನಿ, ಒಂದು ಅಭಿಧಮನಿ. ಮಗುವಿಗೆ ಆಕ್ಸಿಜನ್, ಪೋಷಣೆ ತರುವುದು ಅಭಿಧಮನಿ. ಮಗುವಿನ ಮೈಯಿಂದ ರಕ್ತ ವಾಪಸ್ ಒಯ್ಯುವುದು ಅಪಧಮನಿ. ಅದು ಒಂದೇ ಇದ್ದರೆ ಸ್ವಲ್ಪ ಅಗಲವಾಗಿ ಎರಡರ ಕೆಲಸವನ್ನೂ ತಾನೇ ಮಾಡುತ್ತದೆ. ನೂರು ಬಸುರಿಯರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಹೀಗಿರುತ್ತದಂತೆ. ಅವಳಿ ಇದ್ದರೆ ಇನ್ನೂ ಜಾಸ್ತಿ.

ನಮ್ಮ ಡಾಕ್ಟರಮ್ಮ ಪರದೆ ತಿರುಗಿಸಿ ತೋರಿಸಿದ್ದರು. ಮಗುವಿನ ಮೂತ್ರಕೋಶ ಕಪ್ಪಗೆ, ದುಂಡಗೆ ಕಾಣುತ್ತದೆ. ರಕ್ತ ಹರಿಯುವುದನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಅದರ ಎರಡೂ ಬದಿಯಲ್ಲಿ ಬಣ್ಣದ ಗೆರೆ ಬರಬೇಕು. ನನ್ನ ಮಗನದು ಒಂದೇ ಬದಿ ಬಂತು. ಆಮೇಲೆ ಅವರು ಬಳ್ಳಿ ಬಿಟ್ಟು ಬೇರೆಲ್ಲ ನೋಡಿದರು: ಹೃದಯದ ನಾಲ್ಕು ಕೋಣೆ, ಎರಡು ಕಿಡ್ನಿ, ಬೆನ್ನುಹುರಿ, ಹೊಟ್ಟೆ. ಬಳ್ಳಿಯೇ ಊನ ಮಾಡುವುದಿಲ್ಲ, ಜೊತೆಗೆ ಇನ್ನೇನಾದರೂ ಇದೆಯಾ ಅಂತ ಹುಡುಕು ಅಂತ ಹೇಳುತ್ತದೆ ಅಷ್ಟೇ. ನೀನೂ ಅದನ್ನೇ ಕೇಳು. ರಿಪೋರ್ಟಿನಲ್ಲಿ ಬಾಕಿ ಅಂಗಗಳ ಬಗ್ಗೆ ಏನು ಬರೆದಿದ್ದಾರೆ?

ಧಾರವಾಡದಿಂದ: ಹೃದಯ, ಕಿಡ್ನಿ, ಬೆನ್ನು ಎಲ್ಲದರ ಮುಂದೆಯೂ ನಾರ್ಮಲ್ ಅಂತಿದೆ ಅಕ್ಕ.

ಹುಬ್ಬಳ್ಳಿ ವಿದ್ಯಾನಗರದಿಂದ: ಮತ್ತೆ? ಅದನ್ನು ಮೊದಲು ಹೇಳಬಾರದಾ! ಅವ್ವನಿಗೆ ಹೇಳು, ಕುಬಸದ ದಿನ ಗೊತ್ತು ಮಾಡಲಿ.

ಗದಗದಿಂದ: ಎಲ್ಲರದೂ ಹೀಗೇ ಸುಸೂತ್ರ ಆಗುತ್ತದೆ ಅನ್ನಲು ನನಗೆ ಬಾಯಿ ಬರುವುದಿಲ್ಲರೀ. ನಮ್ಮ ಮಗಳಿಗೆ ಬಳ್ಳಿಯಲ್ಲಿ ಒಂದೇ ಅಪಧಮನಿ ಇತ್ತು, ಜೊತೆಗೆ ಎಡಗಡೆ ಕಿಡ್ನಿಯೂ ಇರಲಿಲ್ಲ. ಎರಡೂ ಕಂಡಿದ್ದರಿಂದ ಗರ್ಭದ ನೀರು ತೆಗೆದು ಕ್ರೋಮೋಸೋಮ್ ಪರೀಕ್ಷೆ ಮಾಡಿಸುವ ಮಾತೂ ಬಂತು. ಬಳ್ಳಿಯದೊಂದೇ ಇದ್ದಿದ್ದರೆ ಸಾಮಾನ್ಯವಾಗಿ ಅದನ್ನು ಹೇಳುವುದಿಲ್ಲ ಅಂದರು. ಮಾಡಿಸಿದೆವು, ಸರಿ ಇತ್ತು. ಮಗಳು ಒಂದೇ ಕಿಡ್ನಿಯಲ್ಲಿ ಚೆನ್ನಾಗಿದ್ದಾಳೆ. ಆಗಾಗ ಮೂತ್ರ, ಬಿಪಿ ನೋಡಿಸುತ್ತೇವೆ. ಮೊದಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು.

ರಾಣೆಬೆನ್ನೂರಿನಿಂದ: ನಮ್ಮ ವೈನಿಯ ಕೂಸಿಗೆ ಬಳ್ಳಿ ಕೊರಳಿಗೆ ಸುತ್ತಿತ್ತು. ಹುಷಾರಾಗಿರಿ.

ಹಾವೇರಿಯಿಂದ, ಸ್ಟಾಫ್ ನರ್ಸ್: ಅದು ಬೇರೆ, ಇದು ಬೇರೆ. ಬಳ್ಳಿ ಕೊರಳಿಗೆ ಸುತ್ತುವುದು ನಾಲ್ಕೈದು ಹೆರಿಗೆಯಲ್ಲಿ ಒಂದಕ್ಕೆ ಇರುತ್ತದೆ. ಹೆಚ್ಚಿನ ಸಲ ತಲೆ ಬಂದ ಕೂಡಲೇ ಸುಮ್ನೆ ಬಿಡಿಸಿ ಹಾಕುತ್ತೇವೆ. ಅದರಿಂದ ಅಂಗ ಊನ ಆಗುವುದಿಲ್ಲ. ಹೆದರಿದವರನ್ನು ಇನ್ನಷ್ಟು ಹೆದರಿಸಬೇಡಿ.

ಅತ್ತೆಯವರ ಮಾತಿಗೂ ಉತ್ತರ ಇದೆ. ಈ ನಾಳಗಳು ಕೂಡುವುದು ಮೊದಲ ಕೆಲವು ವಾರಗಳಲ್ಲಿ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವುದರೊಳಗೇ. ಈಳಿಗೆಗೂ ಗ್ರಹಣಕ್ಕೂ ಸಂಬಂಧವಿಲ್ಲ. ತಾಯಿಗೆ ಮೊದಲಿನಿಂದಲೇ ಶುಗರ್ ಇದ್ದರೆ ಸಾಧ್ಯತೆ ಸ್ವಲ್ಪ ಜಾಸ್ತಿ, ಹಾಗಾಗಿ ಶುಗರ್ ಪರೀಕ್ಷೆ ತಪ್ಪಿಸಬೇಡಿ.

ಇನ್ನು ನೀವು ನೋಡಬೇಕಾದ್ದು ಮಗುವಿನ ಬೆಳವಣಿಗೆ. ಒಂದೇ ಅಪಧಮನಿ ಇದ್ದಾಗ ಕೆಲವು ಮಕ್ಕಳ ತೂಕ ಕಡಿಮೆ ಬರುತ್ತದೆ. ಅದಕ್ಕೇ ಏಳನೇ ತಿಂಗಳ ನಂತರ ಬೆಳವಣಿಗೆಯ ಸ್ಕ್ಯಾನ್ ಮಾಡಿಸುತ್ತಾರೆ. ತಾಯಿ ಕಾರ್ಡಿನಲ್ಲಿ ಈ ವಿಷಯ ಬರೆಸಿ. ಹೆರಿಗೆ ಮನೆಯಲ್ಲಿ ಬಳ್ಳಿ ಕತ್ತರಿಸಿದ ತುದಿಯನ್ನು ನಾವು ನೋಡುತ್ತೇವೆ: ದಪ್ಪ ಗೋಡೆಯ ಸಣ್ಣ ಬಿಳಿ ತೂತು ಅಪಧಮನಿ, ಅಗಲವಾಗಿ ಬಾಯಿ ಬಿಟ್ಟಿದ್ದು ಅಭಿಧಮನಿ. ಕಾರ್ಡಿನಲ್ಲಿ ಇದ್ದರೆ ಮಕ್ಕಳ ಡಾಕ್ಟರು ಕೂಸನ್ನು ಇನ್ನೊಮ್ಮೆ ಚೆನ್ನಾಗಿ ನೋಡುತ್ತಾರೆ.

ಧಾರವಾಡದಿಂದ: ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ, ಪೂರ್ತಿ ಒಪ್ಪಿಲ್ಲ. ಇನ್ನೊಂದು ಕೇಳಲಾ, ಮಗುವಿನ ಹೃದಯದ ಎಕೋ (ಹೃದಯವನ್ನಷ್ಟೇ ವಿವರವಾಗಿ ನೋಡುವ ಸ್ಕ್ಯಾನ್) ಬೇರೆ ಮಾಡಿಸಬೇಕಾ?

ಹುಬ್ಬಳ್ಳಿ ವಿದ್ಯಾನಗರದಿಂದ: ನನಗೆ ಮಾಡಿಸಿದ್ದರು. ಸ್ಕ್ಯಾನಿನಲ್ಲಿ ಹೃದಯ ಸ್ಪಷ್ಟವಾಗಿ ಕಂಡಿದ್ದರೆ ಕೆಲವು ಡಾಕ್ಟರು ಬೇಡ ಅನ್ನುತ್ತಾರೆ. ಮಾಡಿಸುವುದಾದರೆ 22ರಿಂದ 24 ವಾರದೊಳಗೆ. ಎಲ್ಲ ಸ್ಕ್ಯಾನ್ ಸೆಂಟರಿನಲ್ಲಿ ಆಗುವುದಿಲ್ಲ, ಚೀಟಿ ಬರೆಸಿಕೊಂಡು ಫೋನ್ ಮಾಡಿ ಹೋಗು. ಹಳೇ ರಿಪೋರ್ಟು, ಆಧಾರ್ ಕಾರ್ಡ್ ಜೊತೆಗಿರಲಿ. ಹುಬ್ಬಳ್ಳಿಗೆ ಬರುವುದಾದರೆ ಚಿಗರಿ ಬಸ್ಸಿಗೇ ಬಾ, ಗುಂಡಿ ರಸ್ತೆಯಲ್ಲಿ ಆಟೋ ಬೇಡ.