.30-06 ರೈಫಲ್‌ಗೆ ಮನೆಯಲ್ಲಿ ತೋಟಾ ತುಂಬಲು ಯಾವ ಮದ್ದು ಸೂಕ್ತ?

ಹಿಮದೂರಿನ ಕೊಡಗಿಗ (ಮೊಂಟಾನಾ):

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವನು. ಆರು ವರ್ಷಗಳಿಂದ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನೆಲೆಸಿದ್ದೇನೆ. ಇಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಲೈಸೆನ್ಸ್ ಪಡೆದವರಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಅವಕಾಶವಿದ್ದು, ಮೂರು ವರ್ಷಗಳಿಂದ ಅಂಗಡಿಯ ತೋಟಾಗಳನ್ನೇ ಬಳಸುತ್ತ ಬಂದಿದ್ದೇನೆ. ಈ ಬೇಸಿಗೆಯಲ್ಲಿ ಪ್ರೆಸ್, ತಕ್ಕಡಿ, ಡೈಗಳನ್ನೆಲ್ಲ ಕೊಂಡು ನಾನೇ ತುಂಬಿಕೊಳ್ಳಬೇಕೆಂದು ಹೊರಟವನು ಮದ್ದಿನ ಆಯ್ಕೆಯಲ್ಲಿ ಬಂದು ನಿಂತಿದ್ದೇನೆ.

ನನ್ನದು .30-06 ರೈಫಲ್, 22 ಇಂಚಿನ ನಳಿಗೆ, 165 ಗ್ರೇನ್ ತೂಕದ ಗುಂಡು. ಇಲ್ಲಿನ ಅಂಗಡಿಯಲ್ಲಿ ಎಚ್4350, ಐಎಂಆರ್ 4350, ಎಚ್4895 ಮತ್ತು ಒಂದು ಬಾಲ್ ಪೌಡರ್ ಸಿಗುತ್ತಿವೆ. ಎರಡು ಡಬ್ಬಿಗಳ ಮೇಲೆ ಒಂದೇ ಸಂಖ್ಯೆ ಇರುವುದರಿಂದ ಅವೆರಡೂ ಒಂದೇ ಮದ್ದು ಇರಬಹುದೇ? ಊರಿನಲ್ಲಿ ನಮ್ಮ ಅಪ್ಪ ಕೇಪಿನ ಕೋವಿಗೆ ಮದ್ದನ್ನು ಒಂದು ಸಣ್ಣ ಅಳತೆಯ ಕೊಳವೆಯಲ್ಲಿ ತುಂಬಿ ಸುರಿಯುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಆ ತಿಳಿವಳಿಕೆ ಇಲ್ಲಿ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಹಳೇ ತಕ್ಕಡಿ (ಕೊಲೊರಾಡೊ):

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿ. ಕೇಪಿನ ಕೋವಿಯ ಕರಿಮದ್ದನ್ನು ಅಳತೆಯ ಪಾತ್ರೆಯಲ್ಲಿ ಅಳೆಯುವುದೇ ಸರಿಯಾದ ಕ್ರಮ. ರೈಫಲ್‌ನ ಹೊಗೆರಹಿತ ಮದ್ದನ್ನು ಮಾತ್ರ ತೂಗಿಯೇ ಹಾಕಬೇಕು. ನಮ್ಮ ತೂಕದ ಗ್ರೇನ್ ಎಂದರೆ ಒಂದು ಪೌಂಡಿನ 7,000ದಲ್ಲಿ ಒಂದು ಪಾಲು, ಸುಮಾರು 65 ಮಿಲಿಗ್ರಾಂ. ಪುಸ್ತಕದಲ್ಲಿ ಕೊಟ್ಟಿರುವ ಆರಂಭದ ತೂಕಕ್ಕೂ ಗರಿಷ್ಠ ತೂಕಕ್ಕೂ ನಡುವೆ ಇರುವುದು ಕೆಲವೇ ಗ್ರೇನ್‌ಗಳ ಅಂತರ. ಕಣ್ಣಳತೆಯಲ್ಲಿ ಆ ಅಂತರ ಕಾಣುವುದಿಲ್ಲ.

ಇನ್ನು ಸಂಖ್ಯೆಯ ವಿಷಯ. ಎಚ್4350 ಮತ್ತು ಐಎಂಆರ್ 4350 ಬೇರೆ ಬೇರೆ ಮದ್ದುಗಳು. 2003ರಲ್ಲಿ ಎಚ್ ಹೆಸರಿನ ಮದ್ದುಗಳ ಹಾಜ್ಡನ್ ಸಂಸ್ಥೆ ಐಎಂಆರ್ ಅನ್ನು ಕೊಂಡುಕೊಂಡದ್ದರಿಂದ ಇಂದು ಎರಡನ್ನೂ ಮಾರುವವರು ಒಬ್ಬರೇ, ಹೊಸಬರು ಎಡವುವುದೂ ಅಲ್ಲೇ. ಉರಿಯುವ ವೇಗದ ಪಟ್ಟಿಯಲ್ಲಿ ಅವು ನೆರೆಹೊರೆಯವಾದರೂ ಒಂದರ ತೂಕವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಆ ಪಟ್ಟಿ ಯಾವುದು ಯಾವುದಕ್ಕಿಂತ ನಿಧಾನ ಎಂದು ಹೇಳುತ್ತದೆಯೇ ಹೊರತು ಎಷ್ಟು ನಿಧಾನ ಎಂದು ಹೇಳುವುದಿಲ್ಲ.

ನಿಮ್ಮ ಕೇಸಿನ (ಮದ್ದು ತುಂಬುವ ಹಿತ್ತಾಳೆಯ ಕವಚದ) ಹೊಟ್ಟೆ ದೊಡ್ಡದು, ನಳಿಗೆಯ ಬಾಯಿ ಅದಕ್ಕೆ ಹೋಲಿಸಿದರೆ ಕಿರಿದು. ಬೇಗ ಉರಿಯುವ ಮದ್ದು ಹಾಕಿದರೆ ಗುಂಡು ಇನ್ನೂ ನಾಲ್ಕು ಬೆರಳು ಸರಿಯುವುದರೊಳಗೆ ಒತ್ತಡ ತುದಿ ಮುಟ್ಟಿರುತ್ತದೆ. ಅಮೆರಿಕದಲ್ಲಿ ತೋಟಾಗಳ ಮಾನದಂಡ ಗೊತ್ತುಪಡಿಸುವ ಸಾಮಿ ಸಂಸ್ಥೆ .30-06ಕ್ಕೆ ನಿಗದಿಪಡಿಸಿರುವ ಗರಿಷ್ಠ ಒತ್ತಡ 60,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಿಧಾನವಾದ ಮದ್ದು ಆ ಮಿತಿಯೊಳಗೇ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತ ಹೋಗುವುದರಿಂದ ಹೆಚ್ಚು ವೇಗ ದೊರೆಯುತ್ತದೆ. ಎಚ್4895 ಒಳ್ಳೆಯ ಮದ್ದೇ, ಹದವಾಗಿ ತುಂಬಿ ಒದೆತ ಕಡಿಮೆ ಮಾಡಿಕೊಳ್ಳುವವರಿಗೆ ಅದು ಬಹಳ ಹಿಡಿಸುತ್ತದೆ. ಆದರೆ 165 ಗ್ರೇನ್ ಗುಂಡಿನಿಂದ ಪೂರ್ಣ ವೇಗ ಬೇಕೆನ್ನುವವರು ದಶಕಗಳಿಂದ ಹಿಡಿದಿರುವುದು 4350ರ ದಾರಿ.

ಇದಕ್ಕಿಂತಲೂ ನಾನು ಹೆಚ್ಚು ಬೆಲೆ ಕೊಡುವ ಕಾರಣ ಇನ್ನೊಂದಿದೆ. 4350ರಂಥ ಮದ್ದು ಈ ಕೇಸನ್ನು ಹೆಚ್ಚು ಕಡಿಮೆ ಕತ್ತಿನ ಬುಡದವರೆಗೆ ತುಂಬುತ್ತದೆ. ಕೈತಪ್ಪಿ ಎರಡು ಸಲ ಸುರಿದರೆ ಅದು ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ, ತಪ್ಪು ಆ ಕ್ಷಣದಲ್ಲೇ ಕಣ್ಣಿಗೆ ಬೀಳುತ್ತದೆ. ತುಂಬಿದ ಕೇಸಿನಲ್ಲಿ ಮದ್ದು ಹಿಂದೆ ಮುಂದೆ ಉರುಳಾಡುವುದಿಲ್ಲವಾದ್ದರಿಂದ ಈಡಿನಿಂದ ಈಡಿಗೆ ವೇಗವೂ ಒಂದೇ ಸಮನಾಗಿರುತ್ತದೆ.

ಗ್ರೇನ್ ಲೆಕ್ಕವನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಮದ್ದಿನ ಅಥವಾ ಗುಂಡಿನ ತಯಾರಕರ ಈಚಿನ ಪುಸ್ತಕವನ್ನು ತೆರೆದಿಟ್ಟುಕೊಂಡು, ಆರಂಭದ ತೂಕದಿಂದಲೇ ಶುರುಮಾಡಿ.

ಸರೋವರದ ದಂಡೆ (ಮಿನ್ನೆಸೋಟ):

ಮೇಲಿನ ಮಾತೆಲ್ಲ ಸರಿ. ಆದರೆ ಮೊಂಟಾನಾದವರು ಚಳಿಯನ್ನು ಮರೆಯುವಂತಿಲ್ಲ. ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನೈಟ್ರೋಗ್ಲಿಸರಿನ್ ಬೆರೆತ, ಹೆಚ್ಚು ವೇಗ ಕೊಡುವ ಒಂದು ಮದ್ದನ್ನು ಆರಿಸಿಕೊಂಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಆಗಸ್ಟ್‌ನಲ್ಲಿ 32 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಸೆಕೆಂಡಿಗೆ ಸರಾಸರಿ 2,840 ಅಡಿ ತೋರಿಸಿತ್ತು. ಅದೇ ಡಬ್ಬಿಯ, ಅದೇ ದಿನ ತುಂಬಿದ ತೋಟಾಗಳನ್ನು ನವೆಂಬರ್‌ನಲ್ಲಿ ಮೈನಸ್ 14ರಲ್ಲಿ ಹೊಡೆದಾಗ 2,740ಕ್ಕೆ ಇಳಿದಿತ್ತು. 300 ಗಜದ ಗುರಿಯಲ್ಲಿ ಗುಂಡುಗಳು ಎರಡು ಇಂಚಿನಷ್ಟು ಕೆಳಗೆ ಬಿದ್ದವು.

ಎರಡು ಇಂಚಿಗೆ ಎಲ್ಕ್ ತಪ್ಪಿಹೋಗುವುದಿಲ್ಲ, ನಿಜ. ನನ್ನನ್ನು ಯೋಚನೆಗೆ ಹಚ್ಚಿದ್ದು ಅದರ ಉಲ್ಟಾ ಲೆಕ್ಕ. ಚಳಿಯಲ್ಲಿ ಕೂತು ಗರಿಷ್ಠ ತೂಕದವರೆಗೆ ಏರಿಸಿಕೊಂಡ ತೋಟಾವನ್ನು ಮುಂದಿನ ಬೇಸಿಗೆಯಲ್ಲಿ, ಕಾರಿನ ಗಾಜಿನ ಹಿಂದೆ ಒಂದು ಗಂಟೆ ಕಾದ ಮೇಲೆ ಹೊಡೆದರೆ ಒತ್ತಡ ಎಲ್ಲಿಗೆ ಹೋಗಬಹುದು? ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎತ್ತಲು ಬಿಗಿಯಾಗುವುದು, ಪ್ರೈಮರ್ (ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಬಟ್ಟಲು) ಚಪ್ಪಟೆಯಾಗುವುದು, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬೀಳುವುದು ಎಲ್ಲವೂ ಎಚ್ಚರಿಕೆಯ ಸೂಚನೆಗಳು. ಅವು ಕಾಣಿಸಿಕೊಳ್ಳುವ ಹೊತ್ತಿಗೆ ಮಿತಿ ದಾಟಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ನನ್ನ ಮತ ಎಚ್4350ಕ್ಕೆ. ಅದು ಮತ್ತು ವಾರ್ಗೆಟ್ ಎರಡೂ ಆಸ್ಟ್ರೇಲಿಯಾದಲ್ಲಿ ತಯಾರಾಗುವ ಮದ್ದುಗಳು. ತಾಪಮಾನದ ಏರಿಳಿತಕ್ಕೆ ಹೆಚ್ಚು ಬಗ್ಗದಂತೆಯೇ ಅವನ್ನು ರೂಪಿಸಲಾಗಿದೆ. ಐಎಂಆರ್ 4350 ಕೂಡ ಒಳ್ಳೆಯದೇ, ಆದರೆ ಚಳಿ ಬಿಸಿಲಿನ ವಿಷಯದಲ್ಲಿ ಎಚ್4350ರಷ್ಟು ಸ್ಥಿರವಲ್ಲ. ಬಾಲ್ ಪೌಡರ್ ಗಸಗಸೆಯಂತೆ ಸಲೀಸಾಗಿ ಹರಿದು ಅಳತೆಯಂತ್ರದಿಂದ ಚೆನ್ನಾಗಿ ಬೀಳುತ್ತದೆ ಎಂಬುದು ಅದರ ದೊಡ್ಡ ಗುಣ. ಸಾವಿರಾರು ತೋಟಾ ತುಂಬುವವರಿಗೆ ಅದು ವರ. ವರ್ಷಕ್ಕೆ ನಲವತ್ತು ತೋಟಾ ತುಂಬುವ ಬೇಟೆಗಾರ ಒಂದೊಂದನ್ನೂ ತೂಗಿ ಹಾಕಬಲ್ಲ.

ತೋಕ್‌ಪೂ (ಮಡಿಕೇರಿ):

ನಾನು ರೀಲೋಡಿಂಗ್ ಮಾಡಿದವನಲ್ಲ. ಕೊಡವರಾದ ನಮಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದ್ದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಮಾತು ಹಿರಿಯರ ಕತೆಗಳಲ್ಲಿ ಮಾತ್ರ. ಆದರೂ ಒಂದು ಮಾತು ಹೇಳಲೇಬೇಕು. ರಜೆಗೆ ಊರಿಗೆ ಬಂದಾಗ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದಿನ ದಿನ ನಿಮ್ಮ ತಂದೆಯವರ ಕೇಪಿನ ಕೋವಿ ಹಿಡಿದು, ಅಲ್ಲಿಯ ಹೊಸ ಮದ್ದಿನ ಬಗ್ಗೆ ನೀವು ಖಂಡಿತ ಮಾತಾಡುತ್ತೀರಿ. ಕೇಳುವ ಹುಡುಗರಿಗೆ, ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಯಾವ ಕಾರಣಕ್ಕೂ ಹಾಕಬಾರದೆಂದು ಅದೇ ಉಸಿರಿನಲ್ಲಿ ಹೇಳಿಬಿಡಿ. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದಿನ ಒತ್ತಡವೇ ಬೇರೆ, ಹೊಗೆರಹಿತ ಮದ್ದಿನಲ್ಲಿರುವ ನೈಟ್ರೋಸೆಲ್ಯುಲೋಸಿನ ಒತ್ತಡವೇ ಬೇರೆ. ಹಳೆಯ ಕಬ್ಬಿಣದ ನಳಿಗೆ ಎರಡನೆಯದನ್ನು ತಡೆಯದೆ ಸಿಡಿಯುತ್ತದೆ. ಸಿಡಿಯುವುದು ಹಿಡಿದವನ ಎಡಗೈಯ ಮೇಲೆ.

ಹಿಮದೂರಿನ ಕೊಡಗಿಗ (ಮೊಂಟಾನಾ):

ಮೂವರಿಗೂ ಕೃತಜ್ಞತೆಗಳು. ಮಡಿಕೇರಿಯ ಅಣ್ಣ ಹೇಳಿದ ಮಾತನ್ನು ಈ ಸಲ ಮನೆಯಲ್ಲಿ ಹೇಳಿಯೇ ಹೇಳುತ್ತೇನೆ. ಎಚ್4350ರ ಒಂದು ಪೌಂಡಿನ ಡಬ್ಬಿ ತಂದಿದ್ದೇನೆ. ಮುಚ್ಚಳ ತೆಗೆದು ಬಟ್ಟಲಿಗೆ ಸ್ವಲ್ಪ ಸುರಿದಾಗ ಪೆನ್ಸಿಲ್ಲಿನ ಸೀಸವನ್ನು ಸಣ್ಣಗೆ ತುಂಡರಿಸಿದಂತೆ ಕಂಡಿತು. ಪ್ರೈಮರ್ ಹಾಕದ ಕೇಸಿಗೆ ಕೊಳವೆಯಿಟ್ಟು ಸುರಿದು ನೋಡಿದರೆ ಕಡ್ಡಿಗಳು ಕೊಳವೆಯ ಕತ್ತಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ನಿಂತವು, ಬೆರಳಿನಿಂದ ತಟ್ಟಿದ ಮೇಲೆ ಒಮ್ಮೆಲೇ ಜಾರಿದವು. ಇದು ಸಹಜವೇ? ಇನ್ನೊಂದು ಸಂದೇಹ: ಸೀಸದ ಬದಲು ಪೂರ್ತಿ ತಾಮ್ರದ 165 ಗ್ರೇನ್ ಗುಂಡು ಬಳಸಿದರೆ ಮದ್ದಿನ ತೂಕ ಅದೇ ಇರಬಹುದೇ?

ಹಳೇ ತಕ್ಕಡಿ (ಕೊಲೊರಾಡೊ):

ಕಡ್ಡಿಯಂಥ ಮದ್ದಿಗೆ ಅದು ಸಹಜ. ಅದಕ್ಕೇ ಎಚ್ಚರ ಬೇಕು, ಏಕೆಂದರೆ ಕೊಳವೆಯಲ್ಲಿ ಅರ್ಧ ನಿಂತ ಮದ್ದು ಮುಂದಿನ ಕೇಸಿಗೆ ಬಿದ್ದರೆ ಒಂದು ಬರಿದಾಗುತ್ತದೆ, ಇನ್ನೊಂದು ಹೆಚ್ಚಾಗುತ್ತದೆ. ಪ್ರತಿ ಸಲ ಕೊಳವೆ ಎತ್ತುವ ಮೊದಲು ತಟ್ಟಿ, ಒಳಗೆ ಇಣುಕಿ ನೋಡಿ.

ತಾಮ್ರದ ಗುಂಡಿಗೆ ತೂಕ ಅದೇ ಎಂದುಕೊಳ್ಳಬೇಡಿ. ತಾಮ್ರ ಸೀಸಕ್ಕಿಂತ ಹಗುರವಾದ ಲೋಹವಾದ್ದರಿಂದ ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗಿರುತ್ತದೆ. ಆ ಉದ್ದ ಕೇಸಿನ ಒಳಕ್ಕೆ ಇಳಿದು ಮದ್ದಿನ ಜಾಗವನ್ನು ತಿನ್ನುತ್ತದೆ, ನಳಿಗೆಯಲ್ಲಿ ಅದರ ಉಜ್ಜಾಟವೂ ಬೇರೆ. ಆ ಗುಂಡಿನ ತಯಾರಕರು ಅದಕ್ಕೆಂದೇ ಕೊಟ್ಟಿರುವ ಲೆಕ್ಕವನ್ನು ಹಿಡಿದು, ಮತ್ತೆ ಆರಂಭದ ತೂಕದಿಂದ ಹೊರಡಿ.

ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಇರಲಿ. ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಅದೇ ಡಬ್ಬಿಗೆ ಸುರಿದು ಮುಚ್ಚಿ. ಬೇರೆ ಸೀಸೆಗೆ ಎಂದೂ ಹಾಕಬೇಡಿ. ಯಾವ ಮದ್ದೆಂದು ಖಚಿತವಿಲ್ಲದ ಉಳಿಕೆಯನ್ನೂ, ಹುಳಿ ಘಾಟು ಹೊಡೆಯುವ ಅಥವಾ ಕೆಂಗಂದು ಧೂಳು ಕಾಣಿಸುವ ಹಳೆಯ ಮದ್ದನ್ನೂ ಬಳಸದೆ ವಿಲೇವಾರಿ ಮಾಡಿ. ಗುಂಡು ಕೂರಿಸುವ ಮೊದಲು ಎಲ್ಲ ಕೇಸುಗಳನ್ನೂ ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಒಂದೊಂದರ ಬಾಯಿಗೂ ಟಾರ್ಚ್ ಹಿಡಿದು ಮದ್ದಿನ ಮಟ್ಟ ನೋಡಿ. ಒಂದರಲ್ಲಿ ಮಟ್ಟ ಎಳ್ಳಷ್ಟು ಬೇರೆ ಕಂಡರೂ ಅದನ್ನು ತಕ್ಕಡಿಗೆ ಸುರಿದು ಮತ್ತೆ ತೂಗಿ.