ಅರ್ಥಿಂಗ್ ಪಿನ್ ತೆಗೀಬೇಡಿ, ಎಲ್ಲರೂ ಪೂರ್ತಿ ಕೇಳಿ

ತಂಗೀ, ನಿನ್ನ ಮೆಸೇಜು ಈಗ ನೋಡಿದೆ. ಚೌತಿ ಪೆಂಡಾಲಿನಲ್ಲಿ ಅಪ್ಪಿ ಮತ್ತವನ ದೋಸ್ತರು ನಾಲ್ಕು ಗಿಟಾರ್ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಒಂದೇ ಬೋರ್ಡಿಗೆ ಹಾಕ್ತಾರೆ, ಗಿಟಾರಿನ ತಂತಿ ಮುಟ್ಟಿದ್ರೆ ಕೈ ಜುಮ್ ಅಂತದೆ, ವೈರ್ ಸುಟ್ಟುಹೋದೀತಾ ಅಂತ ಕೇಳಿದ್ದೀಯಲ್ಲ. ವೈರಿನ ಮಾತು ಆಮೇಲೆ. ನನಗೆ ಹೆದರಿಕೆ ಆ ಜುಮ್ ಅನ್ನೋದ್ರದ್ದು. ಸ್ಪೀಕರಿನಲ್ಲಿ ಗುಂಯ್ ಅಂತದೆ ಅಂತ ಯಾವುದಾದರೂ ಆಂಪಿನ ಪ್ಲಗ್ಗಿನ ದಪ್ಪ ಪಿನ್ನು, ಅಂದರೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಅರ್ಥಿಂಗ್ ಪಿನ್ನು, ತೆಗೆದಿದ್ದಾರಾ, ಮೊದಲು ಅದನ್ನ ನೋಡು. ತೆಗೆದಿದ್ದರೆ ಆ ಆಂಪ್ ಇವತ್ತೇ ಬಂದ್. ಅರ್ಥಿಂಗ್ ಪಿನ್ ಮುರೀಬೇಡಿ.

ಹಳೇ ಪೆಂಡಾಲಿನದು ದೊಡ್ಡವರಿಗೆಲ್ಲ ನೆನಪಿದೆ. ಆರ್ಕೆಸ್ಟ್ರಾ ಹುಡುಗ ಗಿಟಾರ್ ಹಿಡಕೊಂಡು ಹಾಡಲಿಕ್ಕೆ ಮೈಕಿಗೆ ಬಾಯಿ ತಾಗಿಸಿದ, ಕೈ ತಂತಿಗೆ ಕಚ್ಚಿಹೋಯ್ತು. ಬಿಡಿಸಿಕೊಳ್ಳಲಿಕ್ಕೆ ಆಗಲಿಲ್ಲ. ನಾನು ಮೈನ್ ಎಳೆದ ಮೇಲೇ ಕೆಳಗೆ ಬಿದ್ದದ್ದು. ಜೀವ ಉಳೀತು, ತುಟಿ ಸುಟ್ಟಿತ್ತು. ಅವನ ಆಂಪಿಗೆ ಅರ್ಥಿಂಗ್ ಇರಲಿಲ್ಲ, ಒಳಗೆ ಇನ್ಸುಲೇಶನ್ ಹೋಗಿ ಫೇಸು, ಅಂದರೆ ಕರೆಂಟು ಬರೋ ವೈರು, ಬಾಡಿಗೆ ತಾಗಿತ್ತು. ಗಿಟಾರಿನ ತಂತಿ, ಕೇಬಲ್ಲಿನ ಹೊರಗಿನ ಜಾಲರಿ, ಆಂಪಿನ ಬಾಡಿ ಎಲ್ಲ ಒಂದಕ್ಕೊಂದು ಸೇರಿಕೊಂಡೇ ಇರ್ತವೆ. ಮೈಕು ಸೌಂಡ್ ಮಿಕ್ಸರಿನ ಮೂಲಕ ಅರ್ಥಿಗೆ ಸೇರಿತ್ತು. ನಡುವೆ ಹುಡುಗ, ಮಳೆಗೆ ಒದ್ದೆಯಾದ ಸ್ಟೇಜು. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಅನ್ನೋ ಗಿಟಾರಿಸ್ಟ್ ಹೀಗೇ ಸ್ಟೇಜಿನ ಮೇಲೆ ಸತ್ತ. ಅಲ್ಲಿ ಅರ್ಥಿಂಗ್ ಸರಿ ಇಲ್ಲದ್ದು ಮೈಕಿನ ಕಡೆ.

ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್ಚು) ಬೀಳ್ತದಲ್ಲ ಅಂತ ಯಾರೂ ಹೇಳಬೇಡಿ. 16 ಆಂಪ್ಸಿನ ಎಂಸಿಬಿ ಇರೋದು ವೈರ್ ಕಾಯಲಿಕ್ಕೆ (ಈ ಆಂಪ್ಸ್ ಕರೆಂಟಿನ ಅಳತೆ, ಗಿಟಾರಿನ ಆಂಪ್ ಅಲ್ಲ). ಮನುಷ್ಯನ ಜೀವ ಹೋಗಲಿಕ್ಕೆ 0.1 ಆಂಪ್ಸ್ ಸಾಕು, ಅಷ್ಟಕ್ಕೆ ಅದು ಅಲ್ಲಾಡೋದಿಲ್ಲ. 30 ಮಿಲಿಆಂಪ್ಸಿನ, ಅಂದರೆ 0.03 ಆಂಪ್ಸಿನ, ಆರ್‌ಸಿಸಿಬಿ ಅನ್ನೋ ಸ್ವಿಚ್ಚು ಬೇಕು. ಅಷ್ಟು ಕರೆಂಟು ಸೋರಿದರೆ 0.3 ಸೆಕೆಂಡಿನೊಳಗೆ ಕಟ್ ಮಾಡ್ತದೆ.

ಗುಂಯ್ ಅನ್ನೋದು ಹೆಚ್ಚಾಗಿ ಒಂದೇ ಗಿಟಾರನ್ನ ಎರಡು ಆಂಪಿಗೆ ಹಂಚಿದಾಗ. ಅರ್ಥಿಗೆ ಎರಡು ದಾರಿ ಆಗಿ ಸುತ್ತು ಕೂಡ್ತದೆ. ಅದನ್ನ ಸಿಗ್ನಲ್ ಕಡೆ ಕಡೀಬೇಕು, ಒಳಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಬಾಕ್ಸ್ ಹಾಕಿ. ಕರೆಂಟಿನ ಕಡೆ ಕೈ ಹಾಕಬೇಡಿ. ಮತ್ತೆ ಹೇಳ್ತೇನೆ, ಅರ್ಥಿಂಗ್ ಪಿನ್ ಮುರೀಬೇಡಿ.

ಹೇಳಿದರೆ ಕೇಳೋರು ಯಾರು? ಪೆಂಡಾಲಿಗೆ ಲೈಟಿನ ಮಾಲೆ ಎಷ್ಟು ಬೇಕಾದ್ರೂ ತರ್ತಾರೆ, ಅರ್ಥಿಂಗಿಗೆ ದುಡ್ಡು ಕೇಳಿದರೆ ಮುಂದಿನ ವರ್ಷ ನೋಡುವ ಅಂತಾರೆ. ಚಿರೆಕಲ್ಲಿನ ನೆಲದಲ್ಲಿ ಒಂದಡಿ ಸಲಾಕೆ ಹೊಡೆದರೆ ಅರ್ಥಿಂಗ್ ಆಗೋದಿಲ್ಲ. ಉಪ್ಪುಗಾಳಿಗೆ ಕ್ಲಾಂಪು ಒಂದೆರಡು ವರ್ಷದಲ್ಲಿ ತುಕ್ಕು ಹಿಡೀತದೆ, ಬಿಚ್ಚಿ ಉಜ್ಜೋರೇ ಇಲ್ಲ. ಇನ್ನು ಪೇಟೇಲಿ ಸಿಗುವ ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡು! ಮೇಲೆ ಮೂರು ತೂತು, ಒಳಗೆ ವೈರು ಎರಡೇ. ಮಕ್ಕಳ ಕೈಗೆ ಅದನ್ನ ಮಾರ್ತಾರಲ್ಲ, ನನಗೆ ಹೊಟ್ಟೆ ಉರೀತದೆ.

ಅಯ್ಯೋ, ಅಸಲು ಮಾಡಬೇಕಾದ್ದೇ ಹೇಳಲಿಲ್ಲ. ಅಪ್ಪಿ, ಕೇಳಿಸ್ಕೋ. 100 ವ್ಯಾಟಿನ ವಾಲ್ವ್ ಆಂಪು (ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರೋದು) ಸೌಂಡು ಪೂರ್ತಿ ಬಿಟ್ಟರೆ 300ರಿಂದ 400 ವ್ಯಾಟ್ ಎಳೀತದೆ, 50ರದ್ದು ಅದರ ಅರ್ಧ. ನಿಮ್ಮ ನಾಲ್ಕೂ ಸೇರಿ 1200 ಅಂತ ಹಿಡಿ, 230 ವೋಲ್ಟಿಗೆ 5 ಆಂಪ್ಸಿನ ಮೇಲೆ ಸ್ವಲ್ಪ. ಸಣ್ಣ 6 ಆಂಪ್ಸ್ ಸಾಕೆಟ್ಟು ಬೇಡ, 16ರದ್ದರಿಂದ ತಗೋ. ವೈರು ಮೂರು ಕೋರಿನ ತಾಮ್ರದ್ದು, 2.5 ಸ್ಕ್ವೇರ್ ಎಂಎಂ. ಸುರುಳಿ ಪೂರ್ತಿ ಬಿಚ್ಚು, ಸುತ್ತಿಟ್ಟರೆ ಬಿಸಿಯಾಗಿ ಕರಗ್ತದೆ. ಸಾಕೆಟ್ಟಿನ ಹತ್ತಿರವೇ ಆರ್‌ಸಿಸಿಬಿ ಡಬ್ಬ, ಅದರ ಟೆಸ್ಟ್ ಬಟನ್ ಒತ್ತಿ ಬೀಳ್ತದಾ ನೋಡು. ಆಂಪು, ಮಿಕ್ಸರು ಎಲ್ಲ ಅದೇ ಲೈನಿಗೆ. ಒಂದು ಈ ಫೇಸಿಗೆ, ಇನ್ನೊಂದು ಆ ಫೇಸಿಗೆ ಹಾಕಿದರೆ ಎರಡರ ನಡುವೆ 400 ವೋಲ್ಟ್ ಇರ್ತದೆ. ಲೈಟಿನ ಮಾಲೆ ಬೇರೆ ಲೈನು. ವಾಲ್ವ್ ಆಂಪಿಗೆ ಸ್ಪೀಕರ್ ಕೇಬಲ್ ಮೊದಲೇ ಸಿಕ್ಕಿಸಿ, ಆಮೇಲೆ ಒಂದೊಂದಾಗಿ ಆನ್ ಮಾಡು.

ಪ್ಲಗ್ ಹಾಕೋ ಮೊದಲು ಮಲ್ಟಿಮೀಟರ್ ಎಸಿಗೆ ಇಟ್ಟು ಬೋರ್ಡು ನೋಡು: ಫೇಸು ನ್ಯೂಟ್ರಲ್ಲು 230ರ ಆಸುಪಾಸು, ಫೇಸು ಅರ್ಥಿಂಗೂ ಹಾಗೇ, ನ್ಯೂಟ್ರಲ್ಲು ಅರ್ಥಿಂಗು ಎರಡು ಮೂರು ವೋಲ್ಟಿನೊಳಗೆ. ಎಲ್ಲ ಆನ್ ಆದಮೇಲೆ ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಹಿಡಿ, ಸೊನ್ನೆಯ ಹತ್ತಿರ ಇರಬೇಕು. 10 ವೋಲ್ಟ್ ದಾಟಿದರೆ ಗಿಟಾರ್ ಮುಟ್ಟಬೇಡ, ಪ್ಲಗ್ ಎಳಿ. ಮೂರು ಕೋರಿನ ವೈರೂ ಡಬ್ಬವೂ ನನ್ನ ಹತ್ತಿರ ಇದೆ, ಬಂದು ತಗೊಂಡು ಹೋಗು. ಮೀಟರಿನ ಫೋಟೋ ಇಲ್ಲೇ ಹಾಕು, ನೋಡಿ ಹೇಳ್ತೇನೆ.