ಬಿಪಿ ಮದ್ದು, ಕ್ಯಾಲ್ಸಿಯಂ ಗುಳಿಗೆ: ಹೃದಯದ ಡಾಕ್ಟರರಲ್ಲಿ ಕೇಳಿದ್ದು

ಪ್ರಶ್ನೆ (ಕಾಸರಗೋಡಿನ ಪೆರ್ಲದಿಂದ): ಅಮ್ಮನಿಗೆ 68 ವರ್ಷ. ಬಿಪಿಗೆ ಅಮ್ಲೋಡಿಪಿನ್, ಎಲುಬು ಸವೆತಕ್ಕೆ ಕ್ಯಾಲ್ಸಿಯಂ, ಎರಡೂ ಉಂಟು. ಮದ್ದಿನ ಚೀಟಿ ಇಂಗ್ಲಿಷಿನಲ್ಲಿ, ಆಸ್ಪತ್ರೆಯಲ್ಲಿ ಹೇಳಿದ್ದು ಮಲಯಾಳದಲ್ಲಿ. ಅಮ್ಮನಿಗೆ ಎರಡೂ ಬಾರದು. ಮೊಮ್ಮಗಳು ಮೊಬೈಲಿನಲ್ಲಿ ನೋಡಿ, "ಅಜ್ಜಿ, ಇದು ಕ್ಯಾಲ್ಸಿಯಂ ತಡೆಯುವ ಮದ್ದು" ಅಂದಳು. ಅಂದಿನಿಂದ ನಾಲ್ಕು ದಿನ ಅಮ್ಮ ಬಿಪಿ ಗುಳಿಗೆ ಮುಟ್ಟಿಲ್ಲ. ಎಂತ ಮಾಡುವುದು?

ಉತ್ತರ: ಮೊದಲು ಇವತ್ತೇ ಬಿಪಿ ನೋಡಿಸಿ. ಮದ್ದು ಬರೆದ ಡಾಕ್ಟರಿಗೆ ಫೋನ್ ಮಾಡಿ, ಗುಳಿಗೆ ಮತ್ತೆ ಶುರು ಮಾಡಿ. ತಪ್ಪಿದ್ದಕ್ಕೆ ಅಂತ ಎರಡೆರಡು ನುಂಗಿಸಬೇಡಿ. ಅಮ್ಲೋಡಿಪಿನ್ ಮೈಯಿಂದ ನಿಧಾನವಾಗಿ ಇಳಿಯುವ ಮದ್ದು. ಬಿಟ್ಟ ಒಂದೆರಡು ದಿನ ಏನೂ ಗೊತ್ತಾಗುವುದಿಲ್ಲ, ಆಮೇಲೆ ಬಿಪಿ ಸದ್ದಿಲ್ಲದೆ ಏರುತ್ತದೆ.

ಹೆಸರು ಕೇಳಿ ಹೆದರಿದ್ದು ಅಮ್ಮನ ತಪ್ಪಲ್ಲ. ನಮ್ಮ ಭಾಷೆಯಲ್ಲಿ ಯಾರೂ ಹೇಳಿಲ್ಲ, ಅಷ್ಟೆ. ಮೈಯ ಕ್ಯಾಲ್ಸಿಯಂನಲ್ಲಿ ಸುಮಾರು 99% ಎಲುಬು, ಹಲ್ಲಿನಲ್ಲಿದೆ. ಈ ಮದ್ದು ಅದನ್ನು ಮುಟ್ಟುವುದಿಲ್ಲ. ರಕ್ತನಾಳದ ಗೋಡೆಯಲ್ಲೂ ಸ್ನಾಯು ಇದೆ. ಅದರ ಜೀವಕೋಶದ ಸಣ್ಣ ಬಾಗಿಲಿನಿಂದ ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗಿ ಬಿಪಿ ಏರುತ್ತದೆ. ಆ ಬಾಗಿಲು ಜಾಸ್ತಿ ತೆರೆಯದಂತೆ ಮದ್ದು ನೋಡಿಕೊಳ್ಳುತ್ತದೆ. ಮಾಮೂಲು ಡೋಸಿನ ಕ್ಯಾಲ್ಸಿಯಂ ಗುಳಿಗೆ ಇದರ ಕೆಲಸ ಕೆಡಿಸುವುದಿಲ್ಲ. ಥೈರಾಯ್ಡ್ ಗುಳಿಗೆಯೂ ಇದ್ದರೆ ಮಾತ್ರ ಅದಕ್ಕೂ ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬೇಕು.

ಪ್ರಶ್ನೆ (ಬಾಯಾರಿನಿಂದ): ಅಪ್ಪನ ಹಾರ್ಟ್ ಪಂಪಿಂಗ್ ಕಡಿಮೆ, ಬರೇ 30% ಅಂತ ಎಕೋ ಸ್ಕ್ಯಾನಿನಲ್ಲಿ ಬಂತು. ಕ್ಯಾಲ್ಸಿಯಂ ತಿಂದರೆ ಹೃದಯಕ್ಕೆ ಬಲ ಬರುತ್ತದೆ ಎಂದು ನೆರೆಮನೆಯವರು ಹೇಳುತ್ತಾರೆ. ಕೊಡಬಹುದಾ?

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜವಿದೆ. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಸುತ್ತಿದ್ದರು. ಆ ನೀರನ್ನು ನಲ್ಲಿ ನೀರಿನಿಂದ ಮಾಡಿದ್ದಾಗ ಹೃದಯ ಚೆನ್ನಾಗಿ ಬಡಿಯಿತು. ಭಟ್ಟಿ ಇಳಿಸಿದ ಶುದ್ಧ ನೀರಿನಿಂದ ಮಾಡಿದಾಗ ಸೋತು ನಿಂತಿತು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು, ಅದೇ ಕಾರಣ.

ಆದರೆ ಅಪ್ಪನ ರಕ್ತದಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ. ಹೃದಯದ ಜೀವಕೋಶ ವಿಶ್ರಾಂತಿಯಲ್ಲಿದ್ದಾಗ ಹೊರಗಿನ ಕ್ಯಾಲ್ಸಿಯಂ ಒಳಗಿದ್ದದ್ದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ನಿಮ್ಮ ಕಡೆ ನೀರಿಗಾಗಿ ಗುಡ್ಡ ಕೊರೆದು ಮಾಡುವ ಸುರಂಗದ ನೀರನ್ನೇ ನೆನೆಸಿಕೊಳ್ಳಿ. ತೊಟ್ಟಿಕ್ಕಿದ ನೀರು ಟ್ಯಾಂಕಿಯಲ್ಲಿ ತುಂಬುತ್ತದೆ, ತೂಬು ತೆಗೆದರೆ ತೋಟವಿಡೀ ನೀರು. ಹೃದಯದ ಕೋಶದೊಳಗೂ ಅಂಥ ಟ್ಯಾಂಕಿ ಇದೆ. ಪ್ರತಿ ಬಡಿತಕ್ಕೆ ಹೊರಗಿನಿಂದ ಚೂರು ಕ್ಯಾಲ್ಸಿಯಂ ಬಂದು ತೂಬಿಗೆ ತಾಗುತ್ತದೆ. ತೂಬು ತೆರೆದು ಒಳಗಿನದು ಒಮ್ಮೆಲೇ ಸುರಿಯುತ್ತದೆ, ಸ್ನಾಯು ಹಿಂಡುತ್ತದೆ. ಮರುಕ್ಷಣ ಸರ್ಕಾ ಎಂಬ ಪಂಪು ಅದರಲ್ಲಿ ಬಹುಪಾಲನ್ನು ಟ್ಯಾಂಕಿಗೆ ಎಳೆಯುತ್ತದೆ, ಉಳಿದದ್ದು ಕೋಶದಿಂದ ಹೊರಗೆ ಹೋಗುತ್ತದೆ. ಆಗ ಸ್ನಾಯು ಸಡಿಲ. ದಿನಕ್ಕೆ ಸುಮಾರು 1 ಲಕ್ಷ ಸಲ ಹೀಗೆ! ಇಷ್ಟು ವರ್ಷದಿಂದ ಎಕೋ ನೋಡುತ್ತಿದ್ದರೂ ನನಗೆ ಇದರ ಬೆರಗು ಹೋಗಿಲ್ಲ.

ಸೋತ ಹೃದಯದಲ್ಲಿ ಪಂಪು ನಿಧಾನವಾಗುತ್ತದೆ, ತೂಬೂ ಸೋರಬಹುದು. ಟ್ಯಾಂಕಿ ತುಂಬದೆ ಹಿಂಡುವ ಬಲ ಕುಂದುತ್ತದೆ, ಸಡಿಲವಾಗಲೂ ತಡ. ಸೋರಿದ ಕ್ಯಾಲ್ಸಿಯಂ ಅಕಾಲದಲ್ಲಿ ಬಡಿತ ಎಬ್ಬಿಸಿ ತಾಳ ತಪ್ಪಿಸುವುದೂ ಉಂಟು. ಸೋರುವ ತೂಬಿಗೆ ಮೇಲಿನಿಂದ ನೀರು ಹೊಯ್ದರೆ ಪ್ರಯೋಜನವಿಲ್ಲ ಅಲ್ವಾ? ಬಲಕ್ಕೆ ಅಂತ ಕ್ಯಾಲ್ಸಿಯಂ ಕೊಡಬೇಡಿ. ಡಾಕ್ಟರು ಬರೆದ ಮದ್ದು ತಪ್ಪಿಸಬೇಡಿ. ಕ್ಯಾಲ್ಸಿಯಂ ತಡೆಯುವ ಬಿಪಿ ಮದ್ದುಗಳಲ್ಲೇ ಡಿಲ್ಟಿಯಾಜೆಮ್, ವೆರಪಮಿಲ್ ಎಂಬವು ಇಂಥ ಹೃದಯಕ್ಕೆ ಆಗುವುದಿಲ್ಲ. ಬೇರೆಯವರ ಬಿಪಿ ಗುಳಿಗೆ ಕೊಡಲೇಬೇಡಿ.

ಪ್ರಶ್ನೆ (ಮುಳ್ಳೇರಿಯದಿಂದ): ಅಜ್ಜನಿಗೆ ಡಿಗಾಕ್ಸಿನ್ ಕೊಟ್ಟಿದ್ದಾರೆ. ಕಣಗಿಲೆಯ ಬೇರಿನ ಕಷಾಯವೂ ಹೃದಯಕ್ಕೆ ಒಳ್ಳೆಯದಂತೆ, ಹೌದಾ?

ಉತ್ತರ: ದಯವಿಟ್ಟು ಬೇಡ. ಎರಡೂ ಒಂದೇ ರೀತಿ ಕೋಶದೊಳಗಿನ ಕ್ಯಾಲ್ಸಿಯಂ ಏರಿಸುತ್ತವೆ. ಡಿಗಾಕ್ಸಿನನ್ನು ಅಳೆದು ಕೊಡುತ್ತೇವೆ. ಕಷಾಯದಲ್ಲಿ ಅಳತೆ ಎಲ್ಲಿದೆ? ಜೀವವೇ ಹೋಗಬಹುದು. ಈಗಾಗಲೇ ಕುಡಿದಿದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಿಗಾಕ್ಸಿನ್ ಒಂದನ್ನೇ ತೆಗೆದುಕೊಳ್ಳುವಾಗಲೂ ವಾಂತಿ, ಕಣ್ಣಿಗೆ ಹಳದಿ ಕಾಣುವುದು, ನಾಡಿ ತೀರಾ ನಿಧಾನವಾಗುವುದು ಕಂಡರೆ ಅದೇ ದಿನ ತೋರಿಸಿ.

ಪೆರ್ಲದವರು: ಬಿಪಿ 168/96 ಇತ್ತು. ಡಾಕ್ಟರಿಗೆ ಫೋನ್ ಮಾಡಿ ಗುಳಿಗೆ ಕೊಟ್ಟೆವು. "ಎಲುಬಿಗೆ ಏನೂ ಆಗುವುದಿಲ್ಲವಾ" ಎಂದು ಅಮ್ಮ ಮತ್ತೆ ಕೇಳಿದರು.

ಉತ್ತರ: ಆಗುವುದಿಲ್ಲ ಎಂದು ನನ್ನ ಪರವಾಗಿ ಹೇಳಿ. ಸಂಜೆ ಹೊತ್ತಿಗೆ ಪಾದ ಬಾತರೆ ಅದು ಈ ಮದ್ದಿನಿಂದ ಇರಬಹುದು. ಸುಮ್ನೆ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ಮದ್ದು ಬದಲಿಸುತ್ತಾರೆ.